ಒಂದೇ ಲಾರಿ ಇದ್ದವನ ಗೇರ್‌ಬಾಕ್ಸ್

ಮಾನ್ಯ ಸಾರಿಗೆ ಆಯುಕ್ತರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.



ಗೋಗಿಯಲ್ಲಿ ನಮ್ಮ ಮನೆಯ ಮುಂದೆ, ಬೇವಿನ ಗಿಡದ ಕೆಳಗೆ, ಕೆಎ 33 ನಂಬರಿನ ಆರು ಗಾಲಿಯ ಲಾರಿಯೊಂದು ಐವತ್ತು ದಿನದಿಂದ ನಿಂತಿದೆ. ಎಂಜಿನ್ ಚೆನ್ನಾಗಿದೆ. ಟೈರು ಹಾಕಿಸಿ ಇನ್ನೂ ವರ್ಷ ತುಂಬಿಲ್ಲ. ಎಫ್‌ಸಿ ಇದೆ, ಇನ್ಶೂರೆನ್ಸ್ ಇದೆ, ಪರ್ಮಿಟ್ ಇದೆ, ತೆರಿಗೆ ಕಟ್ಟಿದೆ. ಗೇರ್ ಮಾತ್ರ ಬೀಳುತ್ತಿಲ್ಲ. ಕಂಪನಿ ಕೂರಿಸಿದ ಆಟೊಮ್ಯಾಟಿಕ್ ಗೇರ್ ತೆಗೆದು, ಅದೇ ಕಂಪನಿ ಅದೇ ಗಾಡಿಗೆ ಕೊಡುವ ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಿಸಿಕೊಳ್ಳಬಹುದೇ ಇಲ್ಲವೇ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಬಾಯಿಮಾತಿನ ಉತ್ತರ ಎರಡು ಸಿಕ್ಕಿವೆ, ಎರಡೂ ಒಂದಕ್ಕೊಂದು ಉಲ್ಟಾ. ನನಗೆ ಕಾಗದದ ಮೇಲಿನ ಉತ್ತರ ಬೇಕು.

ನಾನು ಮೊದಲು ಬೇರೆಯವರ ಗಾಡಿಗೆ ಕ್ಲೀನರ್ ಆಗಿದ್ದೆ, ಆಮೇಲೆ ಡ್ರೈವರ್ ಆದೆ, ಈಗ ಸ್ವಂತ ಗಾಡಿ. ಸ್ವಂತ ಅಂದರೆ ಒಂದೇ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳು ಬದಲಾದವು. ಜೋಳ, ತೊಗರಿಯ ಜೊತೆಗೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಈ ಬೆಳೆ ಹೊಲದಿಂದ ಮಾರುಕಟ್ಟೆಗೆ ಹೋಗುವುದು ನಮ್ಮಂಥ ಒಂದು ಲಾರಿ, ಎರಡು ಲಾರಿ ಇದ್ದವರ ಬೆನ್ನ ಮೇಲೆ. ಹತ್ತಿ ಬಿಡಿಸುವ ಕಾಲದಲ್ಲಿ ನಾವು ಮನೆಯಲ್ಲಿ ಮಲಗುವುದೇ ಕಡಿಮೆ. ವರ್ಷದ ಕಂತು ಆ ಮೂರು ತಿಂಗಳಲ್ಲೇ ಹುಟ್ಟಬೇಕು.

ಗಾಡಿ 2021ರ ಮಾಡೆಲ್, ಬಿಎಸ್6. ಕಂತು ಕಟ್ಟಲಾರದೆ ಯಾರೋ ಬಿಟ್ಟದ್ದು ಫೈನಾನ್ಸ್‌ನವರ ಹರಾಜಿಗೆ ಬಂದಿತ್ತು. ಆಟೊಮ್ಯಾಟಿಕ್ ಅಂತ ನಮ್ಮ ಕಡೆ ಯಾರೂ ಕೈ ಹಾಕಲಿಲ್ಲ, ಹಾಗಾಗಿ ಕಡಿಮೆಗೆ ಸಿಕ್ಕಿತು. ನನಗೆ ಇನ್ನೊಂದು ಆಸೆಯೂ ಇತ್ತು. ಎಷ್ಟೋ ವರ್ಷ ಕ್ಲಚ್ ತುಳಿದು ತುಳಿದು ಎಡ ಮೊಣಕಾಲು ಸವೆದಿದೆ, ಮನೆಯ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ. ಕ್ಲಚ್ ಪೆಡಲ್ಲೇ ಇಲ್ಲದ ಆ ಗಾಡಿ ಮೊದಲ ಎರಡು ವರ್ಷ ನನ್ನನ್ನು ರಾಜನ ಹಾಗೆ ಕೂರಿಸಿ ಕರೆದುಕೊಂಡು ಹೋಯಿತು. ಆಟೊಮ್ಯಾಟಿಕ್ ಕೆಟ್ಟದ್ದು ಎಂದು ನಾನು ಎಲ್ಲಿಯೂ ಹೇಳುವುದಿಲ್ಲ. ಕಲಬುರಗಿ, ಹೈದರಾಬಾದಿನಂಥ ಊರಲ್ಲಿ ಗಾಡಿ ಇಟ್ಟವರು ಧೈರ್ಯವಾಗಿ ಕೊಳ್ಳಲಿ. ಕೆಟ್ಟು ನಿಂತರೆ ಅಲ್ಲಿ ಸ್ಕ್ಯಾನರ್ ಹಿಡಿದು ಬರುವವರಿದ್ದಾರೆ.

ನಾನು ನಿಂತದ್ದು ಹತ್ತಿಗೂಡೂರಿನ ಈಚೆ. ರಾಯಚೂರಿಗೆ ಹತ್ತಿ ಹೇರಿಕೊಂಡು, ಕೊಳ್ಳೂರಿನ ಕೃಷ್ಣಾ ಸೇತುವೆ ದಾಟಿ ದೇವದುರ್ಗದ ಮೇಲೆ ಹೋಗುವವನಿದ್ದೆ. ರಾತ್ರಿ ಹತ್ತೂವರೆ. ಮುಂದೆ ದನ ಅಡ್ಡ ಬಂತು, ಬ್ರೇಕ್ ಹಿಡಿದೆ, ಗಾಡಿ ಒಮ್ಮೆ ಜಗ್ಗಿ ಆಫ್ ಆಯಿತು. ಡಿಸ್‌ಪ್ಲೇಯಲ್ಲಿ ಗೇರಿನ ನಂಬರ್ ಇರುವ ಜಾಗದಲ್ಲಿ ಬರೀ ಅಡ್ಡಗೆರೆ ಮಿಣುಕುತ್ತಿತ್ತು. ಚಾವಿ ತಿರುಗಿಸಿದರೆ ಸ್ಟಾರ್ಟರ್ ತಿರುಗುವುದಿಲ್ಲ, ಯಾಕೆಂದರೆ ನ್ಯೂಟ್ರಲ್ ಬಂದಿಲ್ಲ. ತಳ್ಳಿ ಬದಿಗೆ ಹಾಕೋಣವೆಂದರೆ ಗಾಲಿ ಉರುಳುವುದಿಲ್ಲ, ಗೇರ್ ಒಳಗೇ ಸಿಕ್ಕಿಕೊಂಡಿದೆ. ಹಳೆಯ ಗಾಡಿಯಲ್ಲಿ ಗೇರ್ ಕೇಬಲ್ ಹರಿದರೆ ತಂತಿ ಕಟ್ಟಿ ಎರಡನೇ ಗೇರಿನಲ್ಲೇ ಊರು ಸೇರಿದವನು ನಾನು. ಆ ರಾತ್ರಿ ಹತ್ತಿಯ ಲೋಡಿನ ಕೆಳಗೆ ಅಂಗಾತ ಮಲಗಿ, ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್ ಒಂದೊಂದಾಗಿ ಬಿಚ್ಚಿ ಶಾಫ್ಟ್ ಇಳಿಸಬೇಕಾಯಿತು. ಆಮೇಲೆಯೇ ಟ್ರ್ಯಾಕ್ಟರ್ ಕಟ್ಟಿ ರಸ್ತೆಯಿಂದ ಎಳೆಯಲು ಆದದ್ದು. ಅಷ್ಟು ಹೊತ್ತು ಹೆದ್ದಾರಿಯ ನಡುವೆ, ಹಿಂದೆ ಎರಡು ಕಲ್ಲು ಮತ್ತು ಬೇವಿನ ಟೊಂಗೆ ಇಟ್ಟುಕೊಂಡು, ಬರುವ ಗಾಡಿಗಳಿಗೆ ನನ್ನ ಕ್ಲೀನರ್ ಟವೆಲ್ ಬೀಸುತ್ತ ನಿಂತಿದ್ದ. ಅವನಿಗೆ ಹತ್ತೊಂಬತ್ತು ವರ್ಷ. ಆ ಭಯ ನನಗೆ ಇನ್ನೂ ಹೋಗಿಲ್ಲ.

ನಿಮ್ಮ ಕಚೇರಿಯಲ್ಲಿ ತಾಂತ್ರಿಕ ಅಧಿಕಾರಿಗಳಿದ್ದಾರೆ, ಅವರಿಗೆ ನಾನು ಪಾಠ ಹೇಳಬೇಕಿಲ್ಲ. ಆದರೆ ಈ ಪತ್ರ ಬೇರೆ ಲಾರಿಯವರೂ ಓದುತ್ತಾರೆ, ಅದಕ್ಕೆ ಬರೆಯುತ್ತೇನೆ. ನಮ್ಮ ಲಾರಿಗಳಿಗೆ ಬರುವ ಎಎಂಟಿ ಎಂಬುದು ದೊಡ್ಡ ಕಾರುಗಳ ಆಟೊಮ್ಯಾಟಿಕ್‌ನಂತೆ ಎಣ್ಣೆಯ ಕನ್ವರ್ಟರ್ ಮೇಲೆ ಓಡುವುದಲ್ಲ. ಒಳಗೆ ಅದೇ ಕ್ಲಚ್ ಪ್ಲೇಟ್, ಅದೇ ಹಲ್ಲಿನ ಚಕ್ರಗಳು. ನಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಗಾಳಿಯಿಂದಲೋ ಎಣ್ಣೆಯ ಒತ್ತಡದಿಂದಲೋ ನಡೆಯುವ ಆಕ್ಚುಯೇಟರ್‌ಗಳು ಮಾಡುತ್ತವೆ, ಅವಕ್ಕೆ ಹುಕುಂ ಕೊಡಲು ಒಂದು ಕಂಟ್ರೋಲ್ ಯೂನಿಟ್ ಇರುತ್ತದೆ. ನನ್ನ ಗಾಡಿಯಲ್ಲಿ ಸತ್ತದ್ದು ಆ ಕೈಕಾಲು ಮತ್ತು ಹುಕುಂ ಕೊಡುವ ಪೆಟ್ಟಿಗೆ. ಶಹಾಪುರದ ನಮ್ಮ ಮಿಸ್ತ್ರಿ ಮೇಲಿನ ಕವರ್ ಬಿಚ್ಚಿ, ಎಣ್ಣೆಯಲ್ಲಿ ಬೆರಳಾಡಿಸಿ, ಒಂದೊಂದು ಚಕ್ರವನ್ನೂ ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ತೋರಿಸಿದ. ಒಂದು ಹಲ್ಲೂ ಮುಕ್ಕಾಗಿಲ್ಲ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಇಲ್ಲ. "ಹೊಟ್ಟಿ ಛಲೋ ಅದ ಅಣ್ಣಾ, ತಲಿ ಕೆಟ್ಟದ" ಅಂದ.

ಆ ತಲೆ ಹೊಸದು ಹಾಕಲು ವರ್ಕ್‌ಶಾಪಿನವರು ಕೊಟ್ಟ ಅಂದಾಜು 2,40,000 ರೂಪಾಯಿ, ಎಳೆಸಿಕೊಂಡು ಹೋಗುವ ಖರ್ಚು ಬೇರೆ, ಪಾರ್ಟ್ ಬರುವ ದಿನ ಹೇಳಲಾಗದು. ಮ್ಯಾನುಯಲ್ ಮಾಡಿಸುವ ಲೆಕ್ಕವನ್ನು ಮಿಸ್ತ್ರಿ ಮತ್ತು ನಾನು ಕೂತು ಬರೆದೆವು. ಅಪಘಾತವಾದ ಅದೇ ಮಾಡೆಲ್ ಗಾಡಿಯಿಂದ ಬಿಚ್ಚಿದ ಬಾಕ್ಸ್ 75,000. ಪೆಡಲ್, ಕ್ಲಚ್ ಮಾಸ್ಟರ್ ಸಿಲಿಂಡರ್, ಬೂಸ್ಟರ್, ಗೇರ್ ಲಿವರ್, ಕೇಬಲ್ 22,000. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಹೊಸದೇ ಹಾಕಬೇಕು, 18,000. ಬಾಕ್ಸಿನ ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟ್ ಸರಿಮಾಡಿಸಿ ಬ್ಯಾಲೆನ್ಸ್ ಮಾಡಿಸಲು 9,000. ಎಂಜಿನ್ನಿನ ಕಂಪ್ಯೂಟರಿಗೆ ಮ್ಯಾನುಯಲ್ ಪ್ರೋಗ್ರಾಂ ಹಾಕಿಸಲು 15,000. ಕೂಲಿ 10,000. ಒಟ್ಟು 1,49,000. ವ್ಯತ್ಯಾಸ 91,000 ರೂಪಾಯಿ. ನನ್ನ ಮನೆಯಲ್ಲಿ ಅದು ಮಗಳ ಒಂದು ವರ್ಷದ ಹಾಸ್ಟೆಲ್ಲು, ಕಾಲೇಜು. ಮುಂದೆ ಮತ್ತೆ ಕೆಟ್ಟರೆ ಗೋಗಿಯಲ್ಲೋ ಶಹಾಪುರದಲ್ಲೋ ಅರ್ಧ ದಿನದಲ್ಲಿ ರಿಪೇರಿ ಆಗುತ್ತದೆ. ಮೊಣಕಾಲು ನೋಯಲಿ, ತಡೆದುಕೊಳ್ಳುತ್ತೇನೆ.

ಮಿಸ್ತ್ರಿ ಕೊನೆಗೆ ಕೇಳಿದ ಮಾತು ಒಂದೇ: "ಕೂರಸೂದು ನಾ ಕೂರಸ್ತೀನಿ. ಕಾಗದ ಯಾರ್ ಮಾಡ್ತಾರ?"

ಅದನ್ನು ಕೇಳಲು ನಾನು ಸಾರಿಗೆ ಕಚೇರಿಗೆ ಹೋದೆ. ಒಬ್ಬರು, "ಹಾಕಿಸ್ಕೋ ಮಾರಾಯ, ಕೆಳಗೆ ಬಗ್ಗಿ ಯಾರು ನೋಡ್ತಾರೆ" ಎಂದರು. ಇನ್ನೊಬ್ಬರು, "ಸೆಕ್ಷನ್ 52, ಜೈಲಿಗೆ ಹೋಗ್ತಿ" ಎಂದರು. ಅವರು ಯಾರು, ಕಚೇರಿ ಯಾವುದು ಎಂದು ಬರೆಯುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ತೆರೆದು ತೋರಿಸಲು ಅವರ ಮುಂದೆಯೂ ಸುತ್ತೋಲೆ ಇರಲಿಲ್ಲ.

ಆಮೇಲೆ ಶಹಾಪುರದ ಒಬ್ಬ ವಕೀಲರ ಹತ್ತಿರ ಕೂತು 1988ರ ಮೋಟಾರು ವಾಹನ ಕಾಯ್ದೆ ಓದಿಸಿಕೊಂಡೆ. 52ನೇ ಕಲಂ ಹೇಳುವುದು ಇದು: ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅದರ ಪ್ರಕಾರ ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಕಾನೂನು ಬೇಕು ಎನ್ನುವವನೇ ನಾನು. ಚಾಸಿ ಉದ್ದ ಮಾಡಿ, ಬಾಡಿ ಎತ್ತರಿಸಿ, ಅಳತೆ ಮೀರಿ ಹೇರಿಕೊಂಡು ಹೋಗಿ ಮಗುಚಿದ ಗಾಡಿಗಳನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ನನ್ನ ಪ್ರಶ್ನೆ ಈ ಕಾಯ್ದೆಯ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಆರ್‌ಸಿಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ಸಿಲಿಂಡರ್, ಇಂಧನ, ಬಣ್ಣ, ಖಾಲಿ ತೂಕ ಇವೆ. ಗೇರ್‌ಬಾಕ್ಸ್ ಎಂಬ ಕಾಲಂ ಇಲ್ಲ. ಹಾಗಾದರೆ ಬದಲಿಸಬಹುದೇ? ಆದರೆ ನನ್ನ ಆರ್‌ಸಿಯಲ್ಲಿ ಮಾಡೆಲ್ ಹೆಸರಿನ ತುದಿಗೆ ಎಎಂಟಿ ಎಂದು ಬರೆದಿದೆ. ಹಾಗಾದರೆ ಬದಲಿಸಬಾರದೇ? ತಯಾರಕರ ವಿವರ ಮೀರಬಾರದು ಎಂದರೆ, ಇದೇ ತಯಾರಕರು ಇದೇ ಎಂಜಿನ್ನಿಗೆ, ಇದೇ ಚಾಸಿಗೆ ಮ್ಯಾನುಯಲ್ ಬಾಕ್ಸ್ ಇಟ್ಟು, ಪರೀಕ್ಷೆ ಮಾಡಿಸಿ, ಒಪ್ಪಿಗೆ ಪಡೆದು ಮಾರುತ್ತಿದ್ದಾರೆ. ಹೊಸ ವಿನ್ಯಾಸವನ್ನು ನಾನು ತರುತ್ತಿಲ್ಲ, ಒಪ್ಪಿಗೆ ಪಡೆದ ಒಂದು ರೂಪದಿಂದ ಒಪ್ಪಿಗೆ ಪಡೆದ ಇನ್ನೊಂದು ರೂಪಕ್ಕೆ ಹೋಗುತ್ತೇನೆ.

ವಕೀಲರು ಅದೇ 52ನೇ ಕಲಮಿನ ಇನ್ನೊಂದು ಉಪಕಲಂ ಓದಿದಾಗ ನಾನು ಮತ್ತೊಮ್ಮೆ ಓದಿರೆಂದು ಕೇಳಿದೆ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇರುವ ಮಾಲೀಕರು, ಅದೇ ಮೇಕಿನ ಅದೇ ನಮೂನೆಯ ಎಂಜಿನ್ನನ್ನು ನೋಂದಣಿ ಅಧಿಕಾರಿಯ ಒಪ್ಪಿಗೆ ಇಲ್ಲದೆಯೇ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಅವಕಾಶ ಕೊಡಬಹುದಂತೆ. ಹತ್ತು ಗಾಡಿಯವರಿಗೆ ಸ್ವಂತ ವರ್ಕ್‌ಶಾಪು, ಸ್ವಂತ ಮಿಸ್ತ್ರಿ ಇರುತ್ತಾರೆ, ಅದಕ್ಕೇ ಈ ನಂಬಿಕೆ ಇಟ್ಟಿರಬಹುದು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವರ ಒಂದು ಗಾಡಿ ನಿಂತರೆ ಒಂಬತ್ತು ಓಡುತ್ತವೆ. ನನ್ನದು ನಿಂತರೆ ಮನೆ ನಿಲ್ಲುತ್ತದೆ. ಒಪ್ಪಿಗೆ ಬೇಡವೆಂದು ನಾನು ಕೇಳುತ್ತಿಲ್ಲ. ಒಪ್ಪಿಗೆ ಬೇಕು, ಅದನ್ನು ಕೇಳಲು ಒಂದು ಬಾಗಿಲು ಬೇಕು.

ಬಾಗಿಲು ಇಲ್ಲದ್ದಕ್ಕೆ ಏನಾಗುತ್ತಿದೆ ನೋಡಿ. ರಾತ್ರಿ ಹೊತ್ತು ಶೆಡ್ಡಿನಲ್ಲಿ ಬಾಕ್ಸ್ ಬದಲಾಗುತ್ತದೆ, ಯಾರೂ ಪರೀಕ್ಷಿಸುವುದಿಲ್ಲ. ನನಗೆ ಹೆದರಿಕೆ ಇರುವುದು ಇಲ್ಲಿಯೇ. ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಆಗದಿದ್ದರೆ ನಡುವಿನ ಹ್ಯಾಂಗರ್ ಬೇರಿಂಗ್ ಕಿತ್ತು ಶಾಫ್ಟ್ ರಸ್ತೆಗೆ ಚುಚ್ಚಿಕೊಳ್ಳುತ್ತದೆ. ಕ್ಲಚ್ ಬೂಸ್ಟರಿಗೆ ಗಾಳಿ ಬೇಕೆಂದು ಬ್ರೇಕಿನ ಗಾಳಿಯ ಲೈನಿನಿಂದಲೇ ಕವಲು ತೆಗೆಯುವವರಿದ್ದಾರೆ, ಆ ಜಾಯಿಂಟ್ ಸೋರಿದರೆ ಹೋಗುವುದು ಬ್ರೇಕು. ಸ್ಪೀಡಿನ ಸೆನ್ಸರ್ ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಬಾಲದಲ್ಲೇ ಇರುತ್ತದೆ. ಬಾಕ್ಸ್ ಬದಲಿಸಿ ಸೆನ್ಸರ್ ಹೊಂದಿಸದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ, 80 ಕಿಲೋಮೀಟರಿಗೆ ಕಟ್ಟಿದ ಸ್ಪೀಡ್ ಗವರ್ನರ್ ಕೂಡ ಅದನ್ನೇ ನಂಬುತ್ತದೆ. ಬಿಎಸ್6 ಗಾಡಿಯಲ್ಲಂತೂ ಎಂಜಿನ್ನಿನ ಕಂಪ್ಯೂಟರ್ ಗೇರಿನ ಪೆಟ್ಟಿಗೆಯಿಂದ ಸುದ್ದಿಗಾಗಿ ಕಾಯುತ್ತಲೇ ಇರುತ್ತದೆ. ಸುದ್ದಿ ಬರದಿದ್ದರೆ ಲೈಟ್ ಹತ್ತಿ, ಪಿಕಪ್ ಸತ್ತು, ಲೋಡ್ ಗಾಡಿ ಏರಿನಲ್ಲಿ ತೆವಳುತ್ತದೆ. ಕಳ್ಳ ಪ್ರೋಗ್ರಾಂ ಹಾಕುವವರು ಅದರ ಜೊತೆಗೆ ಹೊಗೆ ಶುದ್ಧಿ ಮಾಡುವ ಯೂರಿಯಾ ವ್ಯವಸ್ಥೆಯನ್ನೂ ಬಂದ್ ಮಾಡಿಬಿಡುತ್ತಾರೆ. ಹಾಗೆ ಮಾಡಿದ ಗಾಡಿ ಅಪಘಾತವಾದರೆ ಇನ್ಶೂರೆನ್ಸಿನವರು ಬದಲಾವಣೆ ತಿಳಿಸಿಲ್ಲವೆಂದು ತಕರಾರು ತೆಗೆಯುತ್ತಾರೆ, ಸತ್ತವನ ಮನೆಯವರು ಕೋರ್ಟಿಗೆ ಅಲೆಯುತ್ತಾರೆ.

ಸಿಎನ್‌ಜಿ ಕಿಟ್ ಹಾಕಿಸಲು ನಿಮ್ಮಲ್ಲಿ ದಾರಿ ಇದೆ: ಒಪ್ಪಿಗೆ ಪಡೆದ ಕಿಟ್, ಒಪ್ಪಿಗೆ ಪಡೆದ ವರ್ಕ್‌ಶಾಪ್, ಆಮೇಲೆ ಆರ್‌ಸಿಯಲ್ಲಿ ನಮೂದು. ಇಂಧನ ಬದಲಿಸುವುದಕ್ಕೆ ದಾರಿ ಇರುವಾಗ ಗೇರ್ ಬದಲಿಸುವುದಕ್ಕೆ ಒಂದು ಸುತ್ತೋಲೆ ಬರೆಯಲು ಆಗದೇ? ಅದೇ ತಯಾರಕರ ಅದೇ ಮಾಡೆಲಿಗೆ ಒಪ್ಪಿಗೆ ಪಡೆದ ಬಾಕ್ಸ್ ಆಗಿದ್ದರೆ ಅರ್ಜಿ ತೆಗೆದುಕೊಳ್ಳಬೇಕು ಎಂದು ಬರೆಯಿರಿ. ಬಾಕ್ಸ್ ಎಲ್ಲಿಂದ ಬಂತು ಎಂಬ ಬಿಲ್ಲು, ಕಳಚಿದ ಗಾಡಿಯ ಚಾಸಿ ನಂಬರ್ ಸಮೇತ, ಕಡ್ಡಾಯ ಮಾಡಿ, ಕದ್ದ ಮಾಲು ಒಳಗೆ ಬರಬಾರದು. ಕೆಲಸ ಮುಗಿದ ಮೇಲೆ ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು ಗಾಡಿಯ ಕೆಳಗೆ ನಿಜವಾಗಿಯೂ ಬಗ್ಗಿ ನೋಡಲಿ, ಲೋಡ್ ಹಾಕಿ ಓಡಿಸಿ ನೋಡಲಿ. ಸರಿಯಿಲ್ಲವೆಂದರೆ ಬಿಚ್ಚಿಸಲಿ. ಸರಿಯಿದ್ದರೆ ಆರ್‌ಸಿಯಲ್ಲಿ ನಮೂದಾಗಲಿ, ಫೀ ಎಷ್ಟೆಂದು ಬೋರ್ಡಿನಲ್ಲಿ ಬರೆಯಲಿ. ಅನುಮತಿ ಪತ್ರ ತಂದವನಿಗೆ ಕಂಪನಿಯ ವರ್ಕ್‌ಶಾಪಿನವರು ಮ್ಯಾನುಯಲ್ ಪ್ರೋಗ್ರಾಂ ಹಾಕಿಕೊಡಬೇಕೆಂದು ತಯಾರಕರಿಗೂ ಒಂದು ಪತ್ರ ಬರೆಯಿರಿ. ಇದರಲ್ಲಿ ಯಾವುದು ನಿಮ್ಮ ಕೈಯಲ್ಲಿಲ್ಲವೋ ಅದನ್ನು ದೆಹಲಿಗೆ ಕಳಿಸಿ. ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದೇ, ಕಾರಣ ಸಮೇತ, ಬರೆದು ಕಳಿಸಿ. ಸಾಲ ಮಾಡಿಯಾದರೂ ಆಕ್ಚುಯೇಟರ್ ಹಾಕಿಸುತ್ತೇನೆ, ಇಲ್ಲವೇ ಗಾಡಿ ಮಾರುತ್ತೇನೆ. ಕಾಯುವುದೊಂದು ಮಾತ್ರ ನನ್ನಿಂದ ಆಗದು.

ಕಳೆದ ವಾರ ಹೈದರಾಬಾದಿಗೆ ಹೋಗಿ ಬಾಕ್ಸ್ ನೋಡಿ ಬಂದೆ. ಗೋಣಿಚೀಲದ ಮೇಲೆ ಕೂರಿಸಿದ್ದರು. ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ, ಒಂದೊಂದು ಗೇರಿಗೂ ಹಾಕಿ ನೋಡಿದೆ. ಆರೂ ಗೇರು, ರಿವರ್ಸು, ತೊಡರದೆ ಬಿದ್ದವು. ಮೇಲೆ ಅಚ್ಚಾಗಿರುವ ನಂಬರನ್ನು ಸೀಮೆಸುಣ್ಣ ಉಜ್ಜಿ ಓದಿ ಬರೆದುಕೊಂಡಿದ್ದೇನೆ, ಅದು ಬಂದ ಗಾಡಿಯ ಕಾಗದದ ಝೆರಾಕ್ಸ್ ಕೂಡ ತಂದಿದ್ದೇನೆ. ಮುಂಗಡ ಕೊಟ್ಟಿಲ್ಲ. ಅಂಗಡಿಯವರು ಸಂಕ್ರಾಂತಿವರೆಗೆ ಇಟ್ಟಿರುತ್ತೇನೆಂದು ಹೇಳಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಲಾರಿ ಮಾಲೀಕ ಮತ್ತು ಚಾಲಕ,
ಗೋಗಿ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ.