ಜಾಹೀರಾತು ಹುಟ್ಟಿಸಿದ ಹಬ್ಬ

ಡೆನ್ಮಾರ್ಕ್ ದೇಶದಲ್ಲಿ ಕ್ರಿಸ್ಮಸ್ ಬಂತೆಂದು ಮೊದಲು ಸಾರುವುದು ದೇವಾಲಯದ ಗಂಟೆಯಲ್ಲ, ಬಿಯರ್ ಲಾರಿ! ನವೆಂಬರ್ ತಿಂಗಳ ಮೊದಲ ಶುಕ್ರವಾರ ರಾತ್ರಿ 8 ಗಂಟೆ 59 ನಿಮಿಷಕ್ಕೆ ಟುಬೋರ್ಗ್ ಕಂಪನಿಯ ಕ್ರಿಸ್ಮಸ್ ಬಿಯರ್ ಬಿಡುಗಡೆಯಾಗುತ್ತದೆ. ನೀಲಿ ಟೋಪಿ, ಹಾಡು, ಉಚಿತ ಬಿಯರ್. ಆಗಮನ ಕಾಲ ಆರಂಭವಾಗಲು ಇನ್ನೂ ಮೂರು ವಾರಗಳಿಗೂ ಹೆಚ್ಚು ಸಮಯ ಉಳಿದಿರುತ್ತದೆ.

ಇದರ ಹುಟ್ಟನ್ನು ಗಮನಿಸಿರಿ. 1980ರಲ್ಲಿ ಜಾಹೀರಾತಿನ ಕಾರ್ಟೂನು ಬಂದಿತು, 1981ರಲ್ಲಿ ಬಿಯರ್, 1990ರಲ್ಲಿ 'ಹಬ್ಬ'. ಮೊದಲು ಬುಧವಾರವಿದ್ದ ಈ ದಿನವನ್ನು, ಮರುದಿನ ವಿದ್ಯಾರ್ಥಿಗಳು ಶಾಲೆ ತಪ್ಪಿಸುತ್ತಾರೆಂದು ಶುಕ್ರವಾರಕ್ಕೆ ಸರಿಸಬೇಕಾಯಿತು.

ಹಾಗಾದರೆ ಬಿಯರ್ ಪಾಪವೇ? ಅಲ್ಲ. ಕಾನಾ ಊರಿನ ಮದುವೆಗೆ ದ್ರಾಕ್ಷಾರಸವನ್ನಿತ್ತವರು ನಮ್ಮ ಪ್ರಭುವೇ. ಬೆಲ್ಜಿಯಂನ ವೆಸ್ಟ್‌ವ್ಲೆಟೆರೆನ್ ಮಠದ ಟ್ರ್ಯಾಪಿಸ್ಟ್ ಸನ್ಯಾಸಿಗಳು 19ನೆಯ ಶತಮಾನದಿಂದಲೂ ಬಿಯರ್ ತಯಾರಿಸುತ್ತಿದ್ದಾರೆ. ಲೋಕವೇ ಬೇಡಿದರೂ ಬೇಡಿಕೆಗೆ ತಕ್ಕಂತೆ ಉತ್ಪಾದನೆ ಹೆಚ್ಚಿಸಲು ಅವರು ಒಪ್ಪಿಲ್ಲ. ಮಠದ ಬದುಕಿಗೆ ಬೇಕಾದಷ್ಟು ಸಾಕು! ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 40ನೆಯ ಅಧ್ಯಾಯದಲ್ಲಿ ಪಾನೀಯಕ್ಕೂ ಅಳತೆ ಗೊತ್ತುಪಡಿಸಿದ್ದಾರೆ.

ಕತ್ತಲೆ ಕವಿದ ಚಳಿಗಾಲದಲ್ಲಿ ಜನರು ಕೂಡಿ ನಲಿಯುವುದು ತಪ್ಪೇ ಎಂದು ಕೆಲವರು ಕೇಳಿಯಾರು. ಕೂಡುವುದು ತಪ್ಪಲ್ಲ. ಆದರೆ ಕೂಡುವ ದಿನವನ್ನೂ ಗಳಿಗೆಯನ್ನೂ ವ್ಯಾಪಾರಿಯು ನಿಗದಿಪಡಿಸಿದಾಗ ನಾವು ಅತಿಥಿಗಳಲ್ಲ, ಗಿರಾಕಿಗಳು. ಮಠದ ಬಿಯರಿಗೆ ಅಳತೆಯಿದೆ. ಮಾರುಕಟ್ಟೆಯ ಹಬ್ಬಕ್ಕೆ ಅಳತೆಯೂ ಇಲ್ಲ, ಕಾಯುವಿಕೆಯೂ ಇಲ್ಲ. ಕಾಯದವನಿಗೆ ಬರುವಾತನ ಬೆಲೆ ತಿಳಿಯುವುದೆಂತು?

ದೂರದ ದೇಶದ ಕಥೆಯೆಂದು ನಗಬೇಡಿರಿ. ಈ ಡಿಸೆಂಬರಿನಲ್ಲಿ ನಿಮ್ಮ ಮನೆಯಲ್ಲಿ ಮೊದಲು ಸಿದ್ಧವಾಗುವುದು ಗೋದಲಿಯೋ, ಬಾಟಲಿಯೋ? ಉತ್ತರವನ್ನು ನನಗಲ್ಲ, ಗೋದಲಿಯ ಕಂದನಿಗೆ ಹೇಳಿರಿ.