ನೋಟ್ಸ್ ಬರೆಸುವುದು ಉಪಕಾರವೇ?

ಹಳ್ಳಿಯಿಂದ ಬರುವ ಪದವಿ ವಿದ್ಯಾರ್ಥಿಗಳಿಗೆ ಸ್ವಂತ ಓದು ಒಗ್ಗದು, ನೋಟ್ಸ್ ಬರೆಸುವುದೇ ಅವರಿಗೆ ಉಪಕಾರ ಎಂಬ ಲೇಖನ ಓದಿದೆ. ಇದು ಉಪಕಾರವಲ್ಲ, ಅವಮಾನ.

ಸವದತ್ತಿ ತಾಲ್ಲೂಕಿನ ಹೂಲಿಯನ್ನೇ ನೋಡಿ. ಶಾಸನಗಳ ಕಾಲದಲ್ಲಿ ಅದು ಸಾವಿರ ಮಹಾಜನರ ಅಗ್ರಹಾರ, ವಿದ್ಯೆಯ ನೆಲೆ. ಇಂದು ಅಲ್ಲಿಂದ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಹುಡುಗಿಗೆ ಬುದ್ಧಿಯ ಕೊರತೆಯೇನಿಲ್ಲ. ಒಂದೇ ವಿಷಯವನ್ನು ಎರಡು ಪುಸ್ತಕಗಳಲ್ಲಿ ಓದಿ ತಾಳೆ ನೋಡುವುದು, ಓದಿದ್ದನ್ನು ಮುಚ್ಚಿಟ್ಟು ನೆನಪಿನಿಂದ ಬರೆಯುವುದು, ಅರ್ಥವಾಗದ್ದನ್ನು ಪ್ರಶ್ನೆಯಾಗಿ ಗುರುತು ಹಾಕಿಕೊಳ್ಳುವುದು, ಇವನ್ನು ಅವಳಿಗೆ ಯಾರೂ ಕಲಿಸಿಲ್ಲ. ಕಲಿಸದವರೇ ಈಗ ಅವಳಿಗೆ ಬರುವುದಿಲ್ಲ ಎನ್ನುತ್ತಿದ್ದಾರೆ!

ತಪ್ಪು ಪರೀಕ್ಷೆಯದ್ದೂ ಹೌದು: ಹಳೆಯ ಪ್ರಶ್ನೆಗಳೇ ಮರಳಿ ಬರುವಲ್ಲಿ ಗೈಡ್ ಕೊಂಡವರೇ ಜಾಣರು. 2021ರಲ್ಲಿ ರಾಜ್ಯದ ಪದವಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಓದುವ ಬಗೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಈ ಭಾಗದ ಕಾಲೇಜುಗಳನ್ನು ನೋಡಿಕೊಳ್ಳುವ, 2010ರಲ್ಲಿ ಹುಟ್ಟಿದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ನನ್ನ ಕೋರಿಕೆ ಇಷ್ಟೇ: ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೊಂದು ತರಗತಿ ಗ್ರಂಥಾಲಯದಲ್ಲೇ ನಡೆಯಲಿ, ಪ್ರತಿ ಪ್ರಶ್ನೆಪತ್ರಿಕೆಯಲ್ಲಿ ನೋಟ್ಸಿನಲ್ಲಿ ಸಿಗದ ಒಂದು ಪ್ರಶ್ನೆಯಾದರೂ ಇರಲಿ.