ತ್ರಿವೇಣಿಯವರ ಕಾದಂಬರಿಗಳು ಮತ್ತು ಕುಟುಂಬದ ಆರೋಗ್ಯ

ಥಾಣೆಯ ಪ್ರಾದೇಶಿಕ ಮನೋರುಗ್ಣಾಲಯ ಸ್ಥಾಪನೆಯಾದುದು 1901ರಲ್ಲಿ. ಶತಮಾನಕ್ಕೂ ಮಿಕ್ಕಿ ಅಸಂಖ್ಯ ರೋಗಿಗಳಿಗೆ ಆಶ್ರಯವಿತ್ತ ಈ ಸಂಸ್ಥೆ ಜನರ ನಾಲಗೆಯ ಮೇಲೆ ಮಾತ್ರ ಒಂದು ಕುಚೋದ್ಯವಾಗಿ ಉಳಿದಿದೆ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ಸಾಕು, "ಇವನನ್ನು ಥಾಣೆಗೆ ಕಳಿಸಬೇಕು" ಎಂದು ನಗುವುದು ಮುಂಬಯಿ ಪರಿಸರದ ರೂಢಿ. ಇದೇ ಮಾತಿಗೆ ಉತ್ತರ ಕರ್ನಾಟಕದಲ್ಲಿ ಧಾರವಾಡದ ಹೆಸರು, ಹಳೆಯ ಮೈಸೂರು ಸೀಮೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಹೆಸರು ಬಳಕೆಯಾಗುತ್ತದೆ. ಊರು ಬದಲಾದರೂ ನಗೆ ಬದಲಾಗುವುದಿಲ್ಲ. ಆ ನಗೆಯ ಆಚೆಗೆ, ಗುಣಹೊಂದಿ ಮನೆಗೆ ಮರಳುವ ಒಂದು ಜೀವವಿದೆ. ಈ ಸತ್ಯವನ್ನು ಕನ್ನಡ ಓದುಗರ ಹೃದಯಕ್ಕೆ ಮುಟ್ಟಿಸಿದ್ದು ವೈದ್ಯಗ್ರಂಥವಲ್ಲ, ಒಂದು ಕೌಟುಂಬಿಕ ಕಾದಂಬರಿ: ತ್ರಿವೇಣಿಯವರ 'ಶರಪಂಜರ'.

ತ್ರಿವೇಣಿ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಅನಸೂಯಾ ಶಂಕರ್ ಅವರು ಜನಿಸಿದ್ದು 1928ರಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ ಅವರು ಆ ಜ್ಞಾನವನ್ನು ಗೃಹಜೀವನದ ಚಿತ್ರಣಕ್ಕೆ ಧಾರೆಯೆರೆದರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ಅವರು ಅಸುನೀಗಿದರು. ಬಾಣಂತಿಯ ವ್ಯಥೆಯನ್ನು ಬರೆದ ಲೇಖಕಿ ತಾನೇ ಬಾಣಂತಿಯಾಗಿ ತೀರಿಕೊಂಡದ್ದು ವಿಧಿಯ ವೈಪರೀತ್ಯ. ದಾಂಪತ್ಯ, ಹೆರಿಗೆ, ಮಲತಾಯಿ, ವೈಧವ್ಯ ಮುಂತಾದ ವಸ್ತುಗಳನ್ನು ಎತ್ತಿಕೊಂಡ ಇಂಥ ಬರವಣಿಗೆಯನ್ನು ವಿಮರ್ಶಕರಲ್ಲಿ ಕೆಲವರು 'ಅಡುಗೆಮನೆಯ ಸಾಹಿತ್ಯ' ಎಂದು ಹಗುರವಾಗಿ ಕಂಡದ್ದುಂಟು. ಆದರೆ ಮನುಷ್ಯನ ಆರೋಗ್ಯ ಕೆಡುವುದೂ ಕೂಡುವುದೂ ಬಹುಮಟ್ಟಿಗೆ ಅಡುಗೆಮನೆಯಿಂದ ಪಡಸಾಲೆಯವರೆಗಿನ ಆ ಹತ್ತು ಹೆಜ್ಜೆಗಳಲ್ಲಿಯೇ ಎಂಬುದನ್ನು ಅವರು ಮರೆತಂತಿದೆ.

1971ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ನಿರ್ದೇಶನದಲ್ಲಿ, ಕಲ್ಪನಾ ಅವರ ಅಭಿನಯದಲ್ಲಿ 'ಶರಪಂಜರ' ಚಲನಚಿತ್ರವಾದ್ದರಿಂದ ಅದರ ಕಥೆ ಬಹುಮಂದಿಗೆ ಪರಿಚಿತ. ಕಾವೇರಿ ಮತ್ತು ಸತೀಶರದು ಅನ್ಯೋನ್ಯ ದಾಂಪತ್ಯ. ಎರಡನೆಯ ಹೆರಿಗೆಯ ಅನಂತರ ಕಾವೇರಿಯ ಚಿತ್ತಸ್ವಾಸ್ಥ್ಯ ಕೆಡುತ್ತದೆ. ವಿವಾಹಪೂರ್ವದ ಒಂದು ಪ್ರಸಂಗದ ಅಪರಾಧಭಾವವೂ ಅವಳನ್ನು ಒಳಗೊಳಗೇ ಕೊರೆಯುತ್ತಿರುತ್ತದೆ. ಅವಳು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಬರುತ್ತಾಳೆ. ನಿಜವಾದ ದುರಂತ ಪ್ರಾರಂಭವಾಗುವುದು ಇಲ್ಲಿಂದ. ವೈದ್ಯರು ಗುಣವಾಗಿದೆ ಎಂದರೂ ಮನೆ ಅದನ್ನು ನಂಬುವುದಿಲ್ಲ. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ನೆರೆಯವರ ಪಿಸುಮಾತು, ಆಪ್ತರ ಅಂಜಿಕೆ, ಗಂಡನ ಔದಾಸೀನ್ಯ, ಕೊನೆಗೆ ಅವನಿಗೆ ಅನ್ಯಸ್ತ್ರೀಯ ಸಂಗ, ಇವೆಲ್ಲ ಬಾಣಗಳಾಗಿ ಅವಳ ಸುತ್ತ ಪಂಜರವನ್ನು ಕಟ್ಟುತ್ತವೆ. ಆಸ್ಪತ್ರೆ ಕಟ್ಟಿಕೊಟ್ಟ ಮನಸ್ಸನ್ನು ಮನೆ ಮತ್ತೆ ಒಡೆಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸತೀಶ ಹುಟ್ಟು ಖಳನಲ್ಲ. ಹೆಂಡತಿ ಆರೋಗ್ಯವಾಗಿದ್ದಾಗ ಅವನು ಪ್ರೀತಿಯ ಗಂಡನೇ. ಸುಖದಲ್ಲಿ ಒಳ್ಳೆಯವನಾಗಿದ್ದು ಕಷ್ಟದಲ್ಲಿ ಕೈಬಿಡುವ ಸಾಮಾನ್ಯ ಮನುಷ್ಯ ಅವನು. ತೀರಿದ ಸಾಲವನ್ನು ಲೆಕ್ಕದ ಪುಸ್ತಕದಲ್ಲಿ ಬಾಕಿಯೆಂದೇ ಮುಂದುವರಿಸುವುದು ವ್ಯವಹಾರದಲ್ಲಿ ಅಪರಾಧ. ಆದರೆ ವಾಸಿಯಾದ ಕಾಯಿಲೆಯನ್ನು ಹೆಣ್ಣಿನ ಹೆಸರಿನಲ್ಲಿ ಜೀವಮಾನವಿಡೀ ಬಾಕಿ ತೋರಿಸುವ ಮನೆಯನ್ನು ಪ್ರಶ್ನಿಸುವವರಾರು? ತ್ರಿವೇಣಿಯವರ ಕಾದಂಬರಿ ಕೇಳುವ ಪ್ರಶ್ನೆ ಇದೇ.

'ಬಾಣಂತಿ ಸನ್ನಿ' ಎಂದು ಅಜ್ಜಿಯರು ಕರೆಯುತ್ತಿದ್ದ ಈ ವ್ಯಾಧಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿಯೇ. ನಿದ್ರೆ ಹಾರಿಹೋಗುವುದು, ಅಸಂಬದ್ಧ ಮಾತು, ಇಲ್ಲದ ಸಂಶಯ, ಮಗುವಿನ ಬಗ್ಗೆ ವಿಪರೀತ ಭೀತಿ ಅಥವಾ ತಾತ್ಸಾರ ಇದರ ಲಕ್ಷಣಗಳು. ಇದು ತುರ್ತು ಚಿಕಿತ್ಸೆ ಬೇಡುವ ಕಾಯಿಲೆ; ಸಕಾಲದಲ್ಲಿ ವೈದ್ಯರ ಬಳಿಗೆ ಹೋದರೆ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ. ಇದಕ್ಕಿಂತ ಬಹಳ ಹೆಚ್ಚು ಮಂದಿಯನ್ನು ಕಾಡುವುದು ಹೆರಿಗೆಯ ಅನಂತರದ ಖಿನ್ನತೆ. ಅದು ತಿಂಗಳುಗಳ ತರುವಾಯವೂ ಸದ್ದಿಲ್ಲದೆ ಬರಬಹುದು. ತಾಯಿಯನ್ನು ಮಗುವಿನಿಂದ ಅಗಲಿಸದೆ ಚಿಕಿತ್ಸೆ ನೀಡುವ ತಾಯಿ-ಮಗು ವಿಭಾಗವನ್ನು ನಿಮ್ಹಾನ್ಸ್ 2009ರಲ್ಲಿ ಆರಂಭಿಸಿತು. ಕಾವೇರಿಯಂಥವರಿಗೆ ಔಷಧದಷ್ಟೇ ಆಪ್ತರ ಸಾನ್ನಿಧ್ಯವೂ ಅಗತ್ಯವೆಂಬುದನ್ನು ಕಾದಂಬರಿ ಅದಕ್ಕೆ ದಶಕಗಳ ಮೊದಲೇ ಮನಗಾಣಿಸಿತ್ತು.

ಮನಸ್ಸಿನ ವ್ಯಾಧಿಯಲ್ಲಿ ಮಾತ್ರವಲ್ಲ, ಮದುವೆಯ ವ್ಯವಹಾರದಲ್ಲಿಯೂ ತ್ರಿವೇಣಿಯವರ ದೃಷ್ಟಿ ನಿಷ್ಠುರವಾದುದು. 'ಬೆಳ್ಳಿಮೋಡ'ದ ಇಂದಿರೆ ಶ್ರೀಮಂತರ ಏಕಮಾತ್ರ ಪುತ್ರಿ. ತಡವಾಗಿ ತಮ್ಮನೊಬ್ಬ ಹುಟ್ಟಿ ಆಸ್ತಿ ಕೈತಪ್ಪಿತೆಂದು ತಿಳಿದಾಗ ನಿಶ್ಚಿತ ವರ ಹಿಂದೆಗೆಯುತ್ತಾನೆ. ಮುಂದೆ ಅಪಘಾತದಲ್ಲಿ ಗಾಯಗೊಂಡ ಅವನ ಶುಶ್ರೂಷೆಯನ್ನು ಅವಳೇ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಕೈನೀಡಿದಾಗ ಮಾತ್ರ ನಿರಾಕರಿಸುತ್ತಾಳೆ. ಕರುಣೆ ಬೇರೆ, ದಾಂಪತ್ಯ ಬೇರೆ ಎಂಬ ವಿವೇಕ ಅವಳದು.

ಕೌಟುಂಬಿಕ ಕಾದಂಬರಿ ಕೇವಲ ಕನ್ನಡದ ಸೊತ್ತಲ್ಲ. ಅಮೆರಿಕದ ಹೆಸರಾಂತ ಕಾದಂಬರಿಗಾರ್ತಿ ಆ್ಯನ್ ಟೈಲರ್ ಅವರು ಬಾಲ್ಟಿಮೋರ್ ನಗರದ ಮಧ್ಯಮವರ್ಗದ ಮನೆಗಳನ್ನೇ ಜೀವಮಾನದ ವಸ್ತುವನ್ನಾಗಿಸಿಕೊಂಡವರು. 1982ರಲ್ಲಿ ಪ್ರಕಟವಾದ 'ಡಿನ್ನರ್ ಅಟ್ ದ ಹೋಮ್‌ಸಿಕ್ ರೆಸ್ಟೋರೆಂಟ್' ಎಂಬ ಅವರ ಕೃತಿಯಲ್ಲಿ ಪರ್ಲ್ ಎಂಬ ಗೃಹಿಣಿಯನ್ನು ಗಂಡ ತೊರೆದುಹೋಗುತ್ತಾನೆ. ಆಕೆ ಈ ಸಂಗತಿಯನ್ನು ನೆರೆಹೊರೆಯವರಿಗಿರಲಿ, ತನ್ನ ಮೂವರು ಮಕ್ಕಳಿಗೂ ಬಾಯಿಬಿಟ್ಟು ಹೇಳುವುದಿಲ್ಲ. ನುಂಗಿಕೊಂಡ ಸಂಕಟ ಸಿಡುಕಾಗಿ, ಹೊಡೆತವಾಗಿ ಮಕ್ಕಳ ಮೇಲೆ ಬೀಳುತ್ತದೆ. ದೊಡ್ಡವರಾದ ಮೇಲೂ ಆ ಕುಟುಂಬ ಒಂದು ಊಟವನ್ನು ಜಗಳವಿಲ್ಲದೆ ಮುಗಿಸಲಾರದು. ಮುಚ್ಚಿಟ್ಟ ದುಃಖ ಮುಂದಿನ ಪೀಳಿಗೆಗೆ ಬಡ್ಡಿಸಹಿತ ಸಂದಾಯವಾಗುತ್ತದೆ ಎಂಬುದು ಬಾಲ್ಟಿಮೋರಿಗೆ ಎಷ್ಟು ಸತ್ಯವೋ ಡೊಂಬಿವಲಿಗೂ ಅಷ್ಟೇ ಸತ್ಯ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಕನ್ನಡ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ಊರಿನ ತವರಿಗೆ ಹೋಗುವ ಪದ್ಧತಿ ಇಂದಿಗೂ ಇದೆ. ಅಲ್ಲಿ ತಾಯಿ, ಅಜ್ಜಿ, ಎಣ್ಣೆನೀರು, ಬಾಣಂತನದ ಉಪಚಾರ ಎಲ್ಲವೂ ಇರುತ್ತವೆ. ಮೂರೋ ಐದೋ ತಿಂಗಳಾದ ಮೇಲೆ ಎಳೆಗೂಸಿನೊಡನೆ ಅವಳು ಮರಳುವುದು ಎರಡು ಕೋಣೆಗಳ ಒಂದು ಫ್ಲ್ಯಾಟಿಗೆ. ಗಂಡ ನಸುಕಿನಲ್ಲೇ ಲೋಕಲ್ ಹಿಡಿದು ಹೊರಟರೆ ರಾತ್ರಿಗೆ ಬೆವರಿ ಬಸವಳಿದು ಬರುತ್ತಾನೆ. ಮಧ್ಯದ ಹನ್ನೆರಡು ಗಂಟೆ ಮಗುವಿನ ಅಳು ಮತ್ತು ಮುಚ್ಚಿದ ಬಾಗಿಲು ಮಾತ್ರ. "ನಿದ್ದೆ ಬರುತ್ತಿಲ್ಲ, ಏನೂ ಬೇಡವೆನಿಸುತ್ತದೆ" ಎಂದು ಅವಳು ಹೇಳಿದರೆ "ಎಲ್ಲರೂ ಹೆತ್ತಿಲ್ಲವೇ?" ಎಂಬುದು ಸಿದ್ಧ ಉತ್ತರ. ಉತ್ತರ ಕೊಡುವವರು ಕ್ರೂರಿಗಳೇನಲ್ಲ. ನಾಲ್ಕು ಜನ ಏನೆಂದಾರು, ಮುಂದೆ ನಾದಿನಿಯ ಮದುವೆಗೆ ತೊಡಕಾದೀತೇ ಎಂಬ ಅಂಜಿಕೆ ಅವರದು. ಈ ಅಂಜಿಕೆಗೆ ಅಂಜಿ ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ ಕಳೆದ ಪ್ರತಿಯೊಂದು ವಾರವೂ ರೋಗಿಗೆ ನಷ್ಟ.

ಕಾಲ ಕಾವೇರಿಯ ಕಾಲದಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. ದೇಹದ ಕಾಯಿಲೆಗೆ ವಿಮೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ಸೌಲಭ್ಯವಿರಬೇಕೆಂದು ವಿಧಿಸಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಗೆ 14416ರಲ್ಲಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಆದರೆ ಕಾಯಿದೆ ಆಸ್ಪತ್ರೆಯ ಬಾಗಿಲನ್ನು ತೆರೆಯಬಲ್ಲದೇ ಹೊರತು ಮನೆಯ ಬಾಗಿಲನ್ನಲ್ಲ. ಅದು ಗಂಡನ, ಅತ್ತೆಮಾವಂದಿರ, ಪಕ್ಕದ ಮನೆಯವರ ಕೈಯಲ್ಲಿದೆ.

ವರ್ಷಕ್ಕೊಮ್ಮೆ ನಾಟಕ, ಯಕ್ಷಗಾನ, ಅರಸಿನ ಕುಂಕುಮಗಳನ್ನು ನಡೆಸುವ ಕನ್ನಡ ಸಂಘಗಳು 'ಶರಪಂಜರ'ದ ಕುರಿತು ಒಂದು ಸಂಜೆಯ ಚರ್ಚೆಯನ್ನೂ ಏರ್ಪಡಿಸುವುದು ಉಚಿತ. ಆ ಸಭೆಯಲ್ಲಿ ಮಹಿಳೆಯರಿಗಿಂತ ಪುರುಷರು ಹೆಚ್ಚಾಗಿ ಕುಳಿತಿರಬೇಕು. ಕಾದಂಬರಿಯನ್ನು ಓದಿ ಕಾವೇರಿಗಾಗಿ ಕಣ್ಣೀರಿಟ್ಟವರು ಅಸಂಖ್ಯ. ಸತೀಶನಲ್ಲಿ ತಮ್ಮ ಮುಖವನ್ನು ಕಂಡವರು ವಿರಳ. ಕಾಯಿಲೆಯಿಂದ ಎದ್ದು ಬಂದವಳನ್ನು ಕಾಯಿಲೆಯ ಮಾತೆತ್ತದೆ ಎಂದಿನಂತೆ ಊಟಕ್ಕೆ ಕರೆದು, ಮಗುವನ್ನು ಅವಳ ಮಡಿಲಿಗೆ ನಿಶ್ಶಂಕೆಯಿಂದ ಕೊಡುವ ಮನೆಗಳು ಹೆಚ್ಚಿದಂದು ತ್ರಿವೇಣಿಯವರ ಲೇಖನಿ ಸಾರ್ಥಕವಾದೀತು.